ಶೇಡ್ಸ್ ಆಫ್ ಗ್ರೀನ್, ಬೇಸ್ ಒಳಗಿನ ಕ್ಯಾಬಿನ್, ಅಮೆರಿಕನ್ ಫೋರ್ಸಸ್ ಟ್ರಾವೆಲ್: ಪೆನ್ಷನ್ ಇಲ್ಲದ ಸೈನಿಕನ ಮನೆಯವ್ರಿಗೆ ಯಾವುದು ಆಗತ್ತೆ?

ಮುಂದಿನ ಸಲ ಅತ್ತೆ ಮಾವ ಬಂದಾಗ್ಲೂ ನಾವು ಹೋಗೋದು ಡಿಸ್ನಿ ವರ್ಲ್ಡ್ ಒಳಗಿರೋ ಅಮೆರಿಕದ ಆರ್ಮಿ ಹೋಟೆಲ್ ಶೇಡ್ಸ್ ಆಫ್ ಗ್ರೀನ್‌ಗೇ, ಅದ್ರಲ್ಲಿ ಚರ್ಚೆ ಇಲ್ಲ. ಆದ್ರೂ ಅದು, ಮಿಲಿಟರಿ ಬೇಸ್ ಒಳಗಿನ ಬಾಡಿಗೆ ಕ್ಯಾಬಿನ್, ಸೈನಿಕರ ಬುಕಿಂಗ್ ಸೈಟು ಅಮೆರಿಕನ್ ಫೋರ್ಸಸ್ ಟ್ರಾವೆಲ್, ಈ ಮೂರನ್ನೂ ಟ್ರೈ ಮಾಡಿ ಒಂದ್ರಲ್ಲಿ ದುಡ್ಡು ಕಳ್ಕೊಂಡಿದೀವಲ್ಲ, ಅದಕ್ಕೆ ಬರೀತಿದೀನಿ.

ನಮ್ಮನೆಯವ್ರು 2014ರಲ್ಲಿ ಇಲ್ಲಿ ಎಂ.ಎಸ್. ಓದ್ತಾ ಇರುವಾಗಲೇ ಅಮೆರಿಕದ ಆರ್ಮಿ ಸೇರಿದ್ರು. ಆಗ ಮಾವ್ನಿ ಅಂತ ಒಂದು ಸ್ಕೀಮ್ ಇತ್ತು (ನಮ್ಮ ಮಾವನಿಗೂ ಅದಕ್ಕೂ ಸಂಬಂಧ ಇಲ್ಲ), ಗ್ರೀನ್ ಕಾರ್ಡ್ ಇಲ್ಲದಿದ್ರೂ ಅವ್ರಿಗೆ ಬೇಕಾದ ಭಾಷೆ ಬಂದ್ರೆ ತಗೋತಿದ್ರು, ಬದಲಿಗೆ ಬೇಗ ಸಿಟಿಜನ್‌ಶಿಪ್ಪು. ಇವ್ರು ಕಂಟೋನ್ಮೆಂಟ್‌ಗಳಲ್ಲಿ ಬೆಳೆದೋರು, ಹಿಂದಿ ನೀರು ಕುಡಿದ ಹಾಗೆ ಬರತ್ತೆ, ಅದ್ರ ಮೇಲೆ ಸೆಲೆಕ್ಟ್ ಆದ್ರು. ನಾಲ್ಕು ವರ್ಷ ಮಾಡಿ ಬಿಟ್ರು. ಉಳಿದಿದ್ದು ಒಂದು ಮಂಡಿ ನೋವು, ಕಿವೀಲಿ ಸದಾ ಗುಂಯ್ ಅನ್ನೋ ಸದ್ದು. ಎರಡೂ ಸೇರಿ ವಿಎ (ಮಾಜಿ ಸೈನಿಕರನ್ನ ನೋಡ್ಕೊಳ್ಳೋ ಸರ್ಕಾರಿ ಇಲಾಖೆ) ಅವ್ರು 20% ಡಿಸೆಬಿಲಿಟಿ ಕೊಟ್ಟಿದಾರೆ. ಈ 20% ಅನ್ನೋದನ್ನ ನೆನಪಲ್ಲಿಟ್ಕೊಳಿ, ಇಡೀ ಕಥೆ ಅದ್ರ ಮೇಲೇ ನಿಂತಿದೆ.

ಯಾಕಂದ್ರೆ ಇಲ್ಲಿ 'ಮಾಜಿ ಸೈನಿಕ' ಅಂದ ತಕ್ಷಣ ಎಲ್ಲ ಬಾಗಿಲೂ ತೆಗೆಯಲ್ಲ. 20 ವರ್ಷ ಸರ್ವಿಸ್ ಮಾಡಿ, ಇಲ್ಲಾ ಮೆಡಿಕಲ್ ಕಾರಣಕ್ಕೆ ರಿಟೈರ್ ಆದವ್ರದ್ದು ಒಂದು ಜಾತಿ, ಅವ್ರಿಗೂ ಹೆಂಡ್ತಿಗೂ ಬೇರೆ ಬೇರೆ ಐಡಿ ಕಾರ್ಡೇ ಇರತ್ತೆ. 100% ಡಿಸೆಬಿಲಿಟಿ ಇರೋರೂ ಹೆಚ್ಚೂ ಕಮ್ಮಿ ಅದೇ ಸಾಲು. ನಮ್ಮ ಥರ ನಾಲ್ಕೈದು ವರ್ಷ ಮಾಡಿ ಬಿಟ್ಟವ್ರಿಗೆ ಮೊದಲು ಈ ಮಿಲಿಟರಿ ಹೋಟೆಲ್‌ಗಳ ಕಡೆ ತಲೆ ಹಾಕೋಕೂ ಆಗ್ತಿರ್ಲಿಲ್ಲ. 2018ರಲ್ಲಿ ಕಾನೂನು ಮಾಡಿ 2020ರ ಜನವರಿ 1ರಿಂದ ಜಾರಿಗೆ ತಂದ್ರು: ಸರ್ವಿಸ್‌ನಿಂದ ಬಂದ ಡಿಸೆಬಿಲಿಟಿ ಎಷ್ಟೇ ಪರ್ಸೆಂಟ್ ಇರ್ಲಿ ಅವ್ರು, ಪರ್ಪಲ್ ಹಾರ್ಟ್ ಪದಕ ಸಿಕ್ಕವ್ರು, ಹಿಂದೆ ಯುದ್ಧಕೈದಿ ಆಗಿದ್ದವ್ರು, ಆಮೇಲೆ ವಿಎ ಲೆಕ್ಕದಲ್ಲಿರೋ ಕೇರ್‌ಗಿವರ್‌ಗಳು, ಇವ್ರೆಲ್ಲ ಕಮಿಸರಿ (ಬೇಸಿನ ದಿನಸಿ ಅಂಗಡಿ), ಎಕ್ಸ್‌ಚೇಂಜ್ (ನಮ್ಮ ಮಿಲಿಟರಿ ಕ್ಯಾಂಟೀನ್ ಥರದ ಅಂಗಡಿ), ರಜಾ ಲಾಡ್ಜಿಂಗು ಎಲ್ಲ ಉಪಯೋಗಿಸ್ಬಹುದು ಅಂತ. ತೋರ್ಸೋಕೆ ವಿಎ ಹೆಲ್ತ್ ಐಡಿ ಕಾರ್ಡ್ ಬೇಕು, ಅದ್ರ ಮೇಲೆ 'ಸರ್ವಿಸ್ ಕನೆಕ್ಟೆಡ್' ಅಂತ ಪ್ರಿಂಟ್ ಆಗಿರ್ಬೇಕು. ಕೇರ್‌ಗಿವರ್‌ಗೆ ಕಾರ್ಡ್ ಇಲ್ಲ, ವಿಎ ಲೆಟರ್.

ಇದ್ರಲ್ಲಿ ಹೆಂಡ್ತಿ ಎಲ್ಲಿ ಬಂದ್ಲು? ಬರ್ಲೇ ಇಲ್ಲ. ಅದೇ ತಾಪತ್ರಯ.

ಹೋದ ವರ್ಷ ಅತ್ತೆ ಮಾವ ಮೈಸೂರಿಂದ ಬಂದಿದ್ರು. ಮಾವ ಎಂಇಜಿ, ಅಂದ್ರೆ ಇಂಡಿಯನ್ ಆರ್ಮಿಯ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್, ಹಲಸೂರಿನ ಸೆಂಟರಲ್ಲಿ ಟ್ರೇನಿಂಗ್ ಆಗಿ ಸುಬೇದಾರ್ ಆಗಿ ರಿಟೈರ್ ಆದೋರು, 'ತಂಬಿ' (ಆ ದಳದವ್ರನ್ನ ಕರೆಯೋ ಹೆಸರು) ಅಂತ ಈಗ್ಲೂ ಎದೆ ಉಬ್ಬಿಸ್ಕೊಂಡು ಹೇಳ್ತಾರೆ. ಅವ್ರಿಗೆ ಸಮುದ್ರ ತೋರ್ಸೋಣ ಅಂತ ಗಲ್ಫ್ ತೀರದ ಒಂದು ಬೇಸ್‌ನ (ಹೆಸರು ಬೇಡ) ಬೀಚ್ ಕ್ಯಾಬಿನ್ ಬುಕ್ ಮಾಡಿದ್ವಿ. ಕಾಗದದ ಮೇಲೆ ನೋಡಿದ್ರೆ ಇದೇ ಗೆಲ್ಬೇಕಿತ್ತು. ಮೂರರಲ್ಲಿ ಇದೇ ಅಗ್ಗ, ಎರಡು ರೂಮು, ಪೂರ್ತಿ ಅಡುಗೆಮನೆ, ಬಾಗಿಲು ತೆಗೆದ್ರೆ ಮರಳು. ಅತ್ತೆ ಸಾರಿನ ಪುಡಿ, ಸಣ್ಣ ಕುಕ್ಕರ್ರು ಎಲ್ಲ ಪ್ಯಾಕ್ ಮಾಡಿದ್ರು. ಅಟ್ಲಾಂಟಾ ಹತ್ರದ ನಮ್ಮನೆಯಿಂದ ಆರು ಗಂಟೆ ಡ್ರೈವು, ನಡುವೆ ಮಗಳಿಗೆ ಎರಡು ಸಲ ವಾಂತಿ, ಶನಿವಾರ ಸಂಜೆ ಗೇಟಿಗೆ ಹೋಗಿ ನಿಂತ್ವಿ.

ಗೇಟಲ್ಲಿದ್ದ ಹುಡುಗ ನಮ್ಮನೆಯವ್ರ ಕಾರ್ಡ್ ನೋಡಿದ, ಸರಿ ಅಂದ. ನನ್ನ ಲೈಸೆನ್ಸ್ ನೋಡಿದ, ಇವ್ರು ಗೆಸ್ಟು, ವಿಸಿಟರ್ ಸೆಂಟರಲ್ಲಿ ಪಾಸ್ ಮಾಡಿಸ್ಬೇಕು ಅಂದ. ಹಿಂದಿನ ಸೀಟಿಂದ ಎರಡು ಇಂಡಿಯನ್ ಪಾಸ್‌ಪೋರ್ಟ್ ಬಂದಾಗ ಅವನ ಮುಖವೇ ಬದಲಾಯ್ತು. ಬೇರೆ ದೇಶದವ್ರನ್ನ ಕರ್ಕೊಂಡು ಹೋಗ್ಬೇಕಂದ್ರೆ ಮುಂಚೆನೇ ಅರ್ಜಿ ಕೊಟ್ಟು ಒಪ್ಪಿಗೆ ತಗೊಂಡಿರ್ಬೇಕಂತೆ. ವಿಸಿಟರ್ ಸೆಂಟರ್ ಆಗ್ಲೇ ಮುಚ್ಚಿತ್ತು, ತೆಗೆಯೋದು ಸೋಮವಾರ. ಬುಕ್ ಮಾಡುವಾಗ ಎಷ್ಟು ಜನ ಅಂತ ಕೇಳಿದ್ರು, ಐದು ಅಂದ್ವಿ, ಮಗು ಇದ್ಯಾ ಕೇಳಿದ್ರು, ನಾಯಿ ಇದ್ಯಾ ಅಂತಾನೂ ಕೇಳಿದ್ರು ಕಣ್ರೀ, ಯಾವ ದೇಶದವ್ರು ಅಂತ ಒಬ್ರೂ ಕೇಳ್ಲಿಲ್ಲ. ನಾವೂ ಕೇಳ್ಲಿಲ್ಲ, ಅದು ನಮ್ಮ ತಪ್ಪೇ, ಒಪ್ಕೋತೀನಿ.

ಅಷ್ಟರಲ್ಲಿ ಮಾವ ಕಾರಿಂದ ಇಳಿದೇಬಿಟ್ರು. ಪರ್ಸಿಂದ ತಮ್ಮ ಮಾಜಿ ಸೈನಿಕರ ಐಡಿ ತೆಗೆದ್ರು, ಅದು ಸಾಲ್ದು ಅಂತ ಕ್ಯಾಂಟೀನ್ ಕಾರ್ಡೂ ತೆಗೆದ್ರು, ಅಟೆನ್ಷನ್‌ನಲ್ಲಿ ನಿಂತು "ಐ ಆಮ್ ಆಲ್ಸೋ ಆರ್ಮಿ" ಅಂದ್ರು. ಆ ಹುಡುಗ ಪಾಪ ತುಂಬ ಮರ್ಯಾದೆಯಿಂದ "ಸರ್, ಸರ್" ಅಂದ, ಆದ್ರೆ ಒಳಗೆ ಬಿಡಲಿಲ್ಲ. ಹೇಗೆ ಬಿಡ್ತಾನೆ, ನಾಳೆ ನಮ್ಮ ಹಲಸೂರು ಗೇಟಿಗೆ ಯಾರೋ ಅಮೆರಿಕದವ್ರು ತಮ್ಮ ಕಾರ್ಡ್ ಹಿಡ್ಕೊಂಡು ಬಂದ್ರೆ ನಮ್ಮ ಮಾವ ಬಿಡ್ತಿದ್ರಾ? ಇದನ್ನ ಮಾವನಿಗೆ ಹೇಳಿದ್ದಕ್ಕೆ ಎರಡು ದಿನ ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ.

ಆ ರಾತ್ರಿ ಹೈವೇ ಪಕ್ಕದ ಮೋಟೆಲು, ಬ್ರೆಡ್ಡು ಜಾಮು. ಕ್ಯಾಬಿನ್ ಕ್ಯಾನ್ಸಲ್ ಮಾಡಿದ್ರೆ ಒಂದು ರಾತ್ರಿ ದುಡ್ಡು ಕಟ್. ನಿಜ ಹೇಳ್ಬೇಕಂದ್ರೆ ಅತ್ತೆ ಮಾವನ್ನ ಒಳಗೆ ಬಿಟ್ಟಿದ್ರೂ ನನಗೆ ಇನ್ನೊಂದು ಕಿರಿಕಿರಿ ಕಾದಿತ್ತು, ನನ್ನದು ಬರೀ ಗೆಸ್ಟ್ ಪಾಸು, ಅದೂ ನಮ್ಮನೆಯವ್ರ ಬೆನ್ನ ಹಿಂದೆ ಮಾತ್ರ. ಅವ್ರು ಮಲಗಿದಾಗ ನಾನೊಬ್ಳೇ ಮೊಸರು ತರೋಕೆ ಹೊರಗೆ ಹೋದ್ರೆ ವಾಪಸ್ ಬರೋಕೆ ಅವ್ರನ್ನ ಎಬ್ಬಿಸ್ಬೇಕಿತ್ತು. ಗಂಡ ಪೂರ್ತಿ ಸರ್ವಿಸ್ ಮಾಡಿ ರಿಟೈರ್ ಆಗಿರೋ ನನ್ನ ಫ್ರೆಂಡ್‌ಗೆ ಈ ಗೋಳೇ ಇಲ್ಲ, ಅವಳ ಕೈಲೇ ಕಾರ್ಡಿದೆ, ಗಂಡನ್ನ ಮನೇಲಿ ಬಿಟ್ಟೂ ಬರ್ತಾಳೆ. ಅವಳಿಗೆ ಈ ಕ್ಯಾಬಿನ್ನೇ ಬೆಸ್ಟು. ಎಲ್ಲ ಬೇಸಿಂದೂ ಒಂದೇ ರೂಲ್ ಅಂತ ನಾನು ಹೇಳ್ತಿಲ್ಲ, ಗೆಸ್ಟ್ ವಿಷ್ಯ ಆಯಾ ಬೇಸ್ ಕಮಾಂಡರ್ ಕೈಲಿರತ್ತೆ, ಅದಕ್ಕೇ ಬುಕ್ ಮಾಡೋ ಲಾಡ್ಜಿಂಗ್ ಆಫೀಸಿಗಲ್ಲ, ವಿಸಿಟರ್ ಸೆಂಟರಿಗೇ ಫೋನ್ ಮಾಡಿ ಕೇಳಿ.

ಈಗ ಶೇಡ್ಸ್ ಆಫ್ ಗ್ರೀನ್. ಫ್ಲಾರಿಡಾದ ಡಿಸ್ನಿ ವರ್ಲ್ಡ್ ಒಳಗೇ ಇರೋ ಹೋಟೆಲ್, ಆದ್ರೆ ಡಿಸ್ನಿಯದ್ದಲ್ಲ, ಆರ್ಮಿಯದ್ದು. ಮುಂಚೆ ಡಿಸ್ನಿಯ ಹೋಟೆಲ್ಲೇ ಆಗಿತ್ತು, 1994ರಲ್ಲಿ ಆರ್ಮಿ ಲೀಸಿಗೆ ತಗೊಂಡು ಆಮೇಲೆ ಕೊಂಡೇಬಿಡ್ತು. ನನಗೆ ಇದ್ರಲ್ಲಿ ಇಷ್ಟ ಆಗಿದ್ದು ಒಂದೇ, ಇದು ಬೇಸ್ ಒಳಗಿಲ್ಲ. ಕಾರ್ಡ್ ನೋಡೋದು ನೋಡ್ತಾರೆ, ಆದ್ರೆ ಕಾರ್ಡ್ ಇರೋ ಒಬ್ರು ಜೊತೆಲಿದ್ರೆ ಮುಗೀತು, ಅತ್ತೆ ಮಾವನ ಪಾಸ್‌ಪೋರ್ಟ್ ಬ್ಯಾಗಿಂದ ಆಚೆ ಬರ್ಲೇ ಇಲ್ಲ. ಒಬ್ಬ ಅರ್ಹರ ಹೆಸರಲ್ಲಿ ಮೂರು ರೂಮ್ ತನಕ ತಗೋಬಹುದು, ಒಂದೊಂದು ರೂಮಲ್ಲಿ ಐದು ಜನ ಮಲಗ್ಬಹುದು. ನಾವು ಐದು ಜನ, ಒಂದೇ ರೂಮ್ ತಗೊಂಡ್ವಿ, ದುಡ್ಡು ಉಳೀತು, ಮಾವನ ಗೊರಕೆಗೆ ನಿದ್ದೆ ಉಳೀಲಿಲ್ಲ.

ರೇಟು ಎಲ್ರಿಗೂ ಒಂದೇ ಅಲ್ಲ, ರ್‍ಯಾಂಕ್ ನೋಡ್ಕೊಂಡು, ಕೆಳಗಿನ ರ್‍ಯಾಂಕಿಗೆ ಕಮ್ಮಿ. ನನಗೆ ಈ ಪದ್ಧತಿ ಸರಿ ಅನ್ಸತ್ತೆ. ಹಾಗಿದ್ರೂ ರಸ್ತೆ ಆಚೆ ಇರೋ ಡಿಸ್ನಿಯ ಪಾಲಿನೇಷಿಯನ್ ಹೋಟೆಲ್ ರೇಟಿಗೆ ಹೋಲಿಸಿದ್ರೆ ನಾವು ಕೊಟ್ಟಿದ್ದು ಅರ್ಧಕ್ಕಿಂತ ಕಮ್ಮಿ, ಮೇಲೆ ರೂಮ್ ಟ್ಯಾಕ್ಸ್ ಇಲ್ಲ. ಆ ಪಾಲಿನೇಷಿಯನ್‌ಗೆ ನಡ್ಕೊಂಡು ಹೋಗಿ ಮಾನೋರೈಲ್ ಹತ್ತಿದ್ರೆ ಮ್ಯಾಜಿಕ್ ಕಿಂಗ್‌ಡಮ್. ಬಸ್ಸಿಗೆ ಮಾತ್ರ ಕಾಯ್ಬೇಕು. ಪಾರ್ಕಿಂಗಿಗೆ ಬೇರೆ ದುಡ್ಡು. ಬಫೆಲಿ ನಮಗೆ ತಿನ್ನೋಕೆ ಆಗಿದ್ದು ಸಲಾಡು, ಆಲೂ, ಹಣ್ಣು, ಹಾಗಾಗಿ ಅವಲಕ್ಕಿ ಪುಳಿಯೋಗರೆ ಗೊಜ್ಜು ಕಾಪಾಡ್ತು.

ಒಂದು ವಿಷ್ಯ ಜನ ಗಲಿಬಿಲಿ ಮಾಡ್ಕೋತಾರೆ. ಡಿಸ್ನಿಯವ್ರೇ ಸೈನಿಕರಿಗೆ ಕೊಡೋ ಸಲ್ಯೂಟ್ ಡಿಸ್ಕೌಂಟ್ ಬೇರೆ, ಅದಕ್ಕೆ ಈಗ ಸರ್ವಿಸಲ್ಲಿರೋರು, ರಿಟೈರ್ ಆದೋರು, 100% ಡಿಸೆಬಿಲಿಟಿ ಇರೋರು ಬೇಕು. ನಮ್ಮ 20% ಅಲ್ಲಿ ನಡೆಯಲ್ಲ, ಟಿಕೆಟಿಗೆ ಆ ರೇಟ್ ಸಿಗತ್ತೆ ಅಂತ ಲೆಕ್ಕ ಹಾಕಿ ಹೋದ್ರೆ ಕೌಂಟರಲ್ಲಿ ಮುಖ ಸಪ್ಪಗಾಗತ್ತೆ. ಇನ್ನು ಡಿಸೆಬಿಲಿಟಿನೇ ಇಲ್ಲದೆ ಗೌರವದಿಂದ ಡಿಸ್ಚಾರ್ಜ್ ಆದವ್ರಿಗೆ ಶೇಡ್ಸ್ ಆಫ್ ಗ್ರೀನ್ ಜನವರಿ, ಸೆಪ್ಟೆಂಬರ್‌ನಲ್ಲಿ ಬಾಗಿಲು ತೆಗೆಯತ್ತೆ, ಡಿಡಿ-214 ಡಿಸ್ಚಾರ್ಜ್ ಪೇಪರ್ ತೋರ್ಸ್ಬೇಕು. ನಮ್ಮನೆಯವ್ರ ಜೊತೆ ಮಾವ್ನಿಲಿ ಸೇರಿದ್ದ ಒಬ್ಬ ತೆಲುಗು ಹುಡುಗ ಇದು ಗೊತ್ತಿಲ್ಲದೆ ಇಷ್ಟು ವರ್ಷ ಹೊರಗಿನ ಹೋಟೆಲಿಗೆ ದುಡ್ಡು ಸುರೀತಿದ್ದ.

ಅಮೆರಿಕನ್ ಫೋರ್ಸಸ್ ಟ್ರಾವೆಲ್ ಅನ್ನೋದು ಹೋಟೆಲ್ ಅಲ್ಲ, 2019ರಲ್ಲಿ ಶುರುವಾದ ಬುಕಿಂಗ್ ಸೈಟು, ಹಿಂದೆ ಇರೋದು ಪ್ರೈಸ್‌ಲೈನ್. ಡಿಫೆನ್ಸ್ ಡಿಪಾರ್ಟ್‌ಮೆಂಟ್ ದಾಖಲೆ ಜೊತೆ ಹೆಸರು ತಾಳೆ ಹಾಕಿ ಒಳಗೆ ಬಿಡ್ತಾರೆ. ಬುಕ್ ಆಗೋದು ಮಾಮೂಲಿ ಹೋಟೆಲ್, ಅಲ್ಲಿ ಯಾರೂ ಯಾವ ಕಾರ್ಡೂ ಕೇಳಲ್ಲ, ಅಮ್ಮನೋ ಅಜ್ಜಿಯೋ ಯಾರು ಬೇಕಾದ್ರೂ ಬರ್ಬಹುದು. ಸವಾನಾ ಅನ್ನೋ ಊರಿಗೆ ಹೋದಾಗ ಇದ್ರಲ್ಲೇ ಬುಕ್ ಮಾಡಿದ್ವಿ, ಏನೂ ತೊಂದ್ರೆ ಇಲ್ಲ, ಏನೂ ವಿಶೇಷಾನೂ ಇಲ್ಲ. ಉಳಿದಿದ್ದು ಒಂದು ಊಟದ ದುಡ್ಡು. ಆದ್ರೆ ಅಗ್ಗ ಅಂತ ತೋರ್ಸೋ ರೂಮ್ ಎಷ್ಟೋ ಸಲ ರಿಫಂಡ್ ಇಲ್ಲದ್ದು, ಮಗಳಿಗೆ ಜ್ವರ ಬಂದ್ರೆ ಹೋಯ್ತು ಅಂತಾನೇ.

ಹವಾಯಿಯ ಹಾಲೆ ಕೋವಾನೂ ಇದೇ ಥರ ಆರ್ಮಿ ಹೋಟೆಲ್, ವೈಕಿಕಿ ಬೀಚ್ ಮೇಲೇ ಇದೆ, ಅದೂ ಗೇಟಿನ ಒಳಗಲ್ಲ. ಐದು ಫ್ಲೈಟ್ ಟಿಕೆಟ್ ನೋಡಿ ಟ್ಯಾಬ್ ಮುಚ್ಚಿದೀನಿ. ಜರ್ಮನಿಯ ಎಡೆಲ್‌ವೈಸ್, ಸಿಯೋಲ್‌ನ ಡ್ರಾಗನ್ ಹಿಲ್ ಅನ್ನೋ ಇದೇ ಥರದ ಹೋಟೆಲ್‌ಗಳ ವಿಷ್ಯಕ್ಕೆ ಬಂದ್ರೆ 2020ರಲ್ಲಿ ಜಾರಿಗೆ ಬಂದ ಆ ಕಾನೂನೊಂದೇ ಸಾಲಲ್ಲ, ಆ ದೇಶದ ಜೊತೆಗಿನ ಒಪ್ಪಂದ ಅಡ್ಡ ಬರತ್ತೆ, ಬರೆದು ಕೇಳ್ದೆ ಟಿಕೆಟ್ ಮಾಡಿಸ್ಬೇಡಿ.

ನಮ್ಮ ಥರ ಗಂಡನಿಗೆ ಪೆನ್ಷನ್ ಇಲ್ಲ, ಹೆಂಡ್ತಿಗೆ ಕಾರ್ಡ್ ಇಲ್ಲ, ಊರಿಂದ ಹಿರಿಯರು ಬರ್ತಾರೆ ಅನ್ನೋ ಮನೆಗೆ ಶೇಡ್ಸ್ ಆಫ್ ಗ್ರೀನೇ. ಬರೀ ನಾವು ಮೂರು ಜನ ಆದ್ರೆ ಆ ಬೀಚ್ ಕ್ಯಾಬಿನ್ ಇನ್ನೊಂದು ಸಲ ನೋಡ್ತೀನೇನೋ, ಅಡುಗೆಮನೆ ಆಸೆ ಇನ್ನೂ ಹೋಗಿಲ್ಲ. ಬರೋ ಜನವರಿಗೆ ನನ್ನ ಅಪ್ಪ ಅಮ್ಮಾನೂ ಬರ್ತಿದಾರೆ, ಒಟ್ಟು ಏಳು ಜನ, ಎರಡು ರೂಮ್ ಹೇಳಾಗಿದೆ. ಮಾವನ ರೂಮಲ್ಲಿ ಯಾರು ಮಲಗೋದು ಅಂತ ಇನ್ನೂ ಫೈಸಲ್ ಆಗಿಲ್ಲ.