ಮೊಲಕ್ಕೆ ಜಾಲರಿ ತಳದ ಕೇಜ್ ಕೊಡ್ತಾರೆ, ತಗೋಬೇಡಿ

ಮೊಲ ಸಾಕೋಕೆ ಹೊರಟಿರೋರು ಕೇಜ್ ತಗೊಳ್ಳೋ ಮುಂಚೆ ಇದೊಂದು ಓದಿ. ನಮ್ಮ ಏರಿಯಾದ ಪೆಟ್ ಶಾಪಿನೋನು ಮೊಲದ ಜೊತೆ ತಂತಿ ಜಾಲರಿ ತಳ ಇರೋ ಕೇಜನ್ನೂ ಗಂಟು ಹಾಕಿ ಕಳಿಸ್ದ, "ಹಿಕ್ಕೆ ಎಲ್ಲಾ ಕೆಳಗಿನ ಟ್ರೇಗೆ ಬೀಳುತ್ತೆ ಸಾರ್, ಕ್ಲೀನಿಂಗ್ ತಲೆನೋವೇ ಇಲ್ಲ" ಅಂತ. ನಮಗೆ ತಲೆನೋವಿಲ್ಲ ನಿಜ, ಕಾಲುನೋವು ಮೊಲಕ್ಕೆ.

ನಾಯಿ ಬೆಕ್ಕಿಗಿರೋ ಥರ ಮೊಲದ ಅಂಗಾಲಲ್ಲಿ ಮೆತ್ತೆ ಇರಲ್ಲ, ಬರೀ ಕೂದಲು. ತಂತಿ ಮೇಲೆ ಕೂತೂ ಕೂತೂ ಹಿಂಗಾಲಿನ ಹಿಮ್ಮಡಿ ಹತ್ರ ಕೂದಲು ಉದುರಿ ಚರ್ಮ ಕೆಂಪಾಗಿ ಆಮೇಲೆ ಹುಣ್ಣಾಗುತ್ತೆ, ಮೇಲಿಂದ ನೋಡಿದ್ರೆ ಏನೂ ಕಾಣಲ್ಲ, ನಮ್ಮದು ಬಿಳಿ ಮೊಲ ಆದ್ದರಿಂದ ರಕ್ತದ ಕಲೆ ಕಾಣಿಸ್ತು ಅಷ್ಟೇ. ವೆಟ್ ನೋಡಿ ಇದು "ಸೋರ್ ಹಾಕ್ಸ್" (sore hocks), ಅಂದ್ರೆ ಹಿಮ್ಮಡಿ ಹುಣ್ಣು ಅಂದ್ರು, ಹಂಗೇ ಬಿಟ್ರೆ ಇನ್ಫೆಕ್ಷನ್ ಮೂಳೆವರೆಗೂ ಹೋಗುತ್ತಂತೆ. ದಪ್ಪಗಿರೋ ಮೊಲಕ್ಕೆ, ರೆಕ್ಸ್ ತಳಿಗೆ ಇನ್ನೂ ಬೇಗ.

ಕೇಜ್ ವಾಪಸ್ ತಗೊಳ್ಳಪ್ಪಾ ಅಂದ್ರೆ ಆ ಪುಣ್ಯಾತ್ಮ ಅದರ ಮೇಲೆ ಹಾಸೋಕೆ ಅಂತ ಮಕ್ಕಳು ಆಡೋ ಫೋಮ್ ಮ್ಯಾಟ್ ಮಾರೋಕೆ ನೋಡ್ದ! ಮೊಲ ಸಿಕ್ಕಿದ್ದೆಲ್ಲ ಕಡಿಯುತ್ತೆ, ಅದಕ್ಕೆ ವಾಂತಿ ಮಾಡಕ್ಕೂ ಆಗಲ್ಲ, ಫೋಮ್ ಚೂರು ಕರುಳಲ್ಲಿ ಸಿಕ್ಕಾಕೊಂಡ್ರೆ ಜೀವಕ್ಕೇ ಕುತ್ತು.

ಹಾಗಂತ ಬರೀ ಟೈಲ್ಸ್ ಮೇಲೆ ಬಿಟ್ರೂ ಆಗಲ್ಲ. ವಿಟ್ರಿಫೈಡ್ ಟೈಲ್ಸಲ್ಲಿ ಹಿಡಿತ ಸಿಗದೆ ಹಿಂಗಾಲು ಎರಡೂ ಅಗಲಕ್ಕೆ ಜಾರುತ್ತೆ, ನಮ್ಮದಂತೂ ಕಾಲೊರೆಸೋ ಮ್ಯಾಟ್ ಬಿಟ್ಟು ಕದಲ್ತಾನೇ ಇರ್ಲಿಲ್ಲ.

ಈಗ ಹಾಲಲ್ಲೇ ಒಂದು ಮೂಲೆಗೆ ಬೇಲಿ ಥರ ಪ್ಯಾನೆಲ್ ಕಟ್ಟಿ, ಹಳೇ ಹತ್ತಿ ಜಮಖಾನ ಎರಡು ಮಡಿಕೆ ಮಾಡಿ ಹಾಸಿದೀವಿ, ಅಂಚಿನ ಕುಚ್ಚು ಎಲ್ಲಾ ಕತ್ತರಿಸಿ. ಉಚ್ಚೆ ಟ್ರೇ ಬೇರೆ, ಅದರಲ್ಲಿ ಒಣಹುಲ್ಲು. ಒದ್ದೆ ಆದ ಬಟ್ಟೆ ಮಾತ್ರ ತಕ್ಷಣ ಬದಲಾಯಿಸ್ಬೇಕು, ಇಲ್ಲಾಂದ್ರೆ ಮೆತ್ತಗಿದ್ರೂ ಅದೇ ಹುಣ್ಣು. ಕುಣಿಕೆ ಕುಣಿಕೆಯಾಗಿರೋ ಕಾರ್ಪೆಟ್ ಬೇಡ, ಉಗುರು ಸಿಕ್ಕಾಕೊಳ್ಳುತ್ತೆ. ಬೇಸಿಗೇಲಿ ಒಂದೆರಡು ಟೈಲ್ಸ್ ಖಾಲಿ ಬಿಡಿ, ಸೆಖೆ ತಡೆಯಲ್ಲ ಅದಕ್ಕೆ, ಹೊಟ್ಟೆ ಚಾಚಿ ಅಲ್ಲೇ ಮಲಗುತ್ತೆ.

ಈಗಾಗ್ಲೇ ಜಾಲರಿ ಕೇಜ್ ತಗೊಂಡಿದ್ರೆ ಇವತ್ತೇ ಅದರ ಮೇಲೆ ದಪ್ಪ ರಟ್ಟು, ರಟ್ಟಿನ ಮೇಲೆ ಜಾಸ್ತಿ ಒಣಹುಲ್ಲು ಹಾಕಿ, ವಾರಕ್ಕೊಂದ್ಸಲ ಅಂಗಾಲು ನೋಡಿ. ನೋಡೋವಾಗ ಹಿಂಭಾಗಕ್ಕೆ ಕೈ ಆಸರೆ ಕೊಡಿ, ಗಾಬರಿಯಾಗಿ ಜೋರಾಗಿ ಒದ್ದರೆ ಬೆನ್ನುಮೂಳೆನೇ ಮುರ್ಕೊಳ್ಳುತ್ತೆ.