ಬುಲೆಟ್ 350ರ ಕಂಪ್ರೆಷನ್ ಇಳಿದಾಗ: ಯಾವ ಟೆಸ್ಟ್ ನಂಬಬೇಕು, ರಿಂಗ್ ಸಾಕೋ ಬೋರೇ ಬೇಕೋ?

ಹಳೆಯ ಕಾಸ್ಟ್ ಐರನ್ (ಬೀಡು ಕಬ್ಬಿಣದ) ಇಂಜಿನ್ನಿನ ಬುಲೆಟ್ ಲಗೇಜು ಹೊತ್ತು ಘಾಟಿ ಹತ್ತುವಾಗ ಏದುಸಿರು ಬಿಡತೊಡಗಿದರೆ, ಕಿಕ್ಕರ್ ಮೇಲೆ ಭಾರ ಹಾಕಿದ ಕೂಡಲೇ ತಡೆಯಿಲ್ಲದೆ ಜಾರಿಹೋದರೆ, ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ: "ಬೋರ್‌ಗೆ ಬಂದಿದೆ, ಇಳಿಸಿಬಿಡೋಣ." ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ (ಬೋರ್) ಸವೆದು, ಪಿಸ್ಟನ್ ಗಾಳಿಯನ್ನು ಒತ್ತುವ ಬಲ (ಕಂಪ್ರೆಷನ್) ಸೋರುತ್ತಿದೆ ಎಂದು. ಎಷ್ಟೋ ಸಲ ಆ ಮಾತು ನಿಜವೇ ಇರುತ್ತದೆ. ಆದರೆ ಎರಡು ಜಾಗ ನೋಡದೆ ಇಂಜಿನ್ ಬಿಚ್ಚಿದರೆ ಬಿಚ್ಚಿದ್ದೇ ದಂಡವಾಗಬಹುದು.

ಮೊದಲನೆಯದು ಟ್ಯಾಪೆಟ್, ಅಂದರೆ ವಾಲ್ವ್ ತೆರೆಸುವ ಪುಶ್‌ರಾಡುಗಳ ಸಂದು. ಇಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುದಿಯಲ್ಲಿರಬೇಕು. ಆಗ ಎರಡೂ ಪುಶ್‌ರಾಡುಗಳು ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ-ಕೆಳಗೆ ಮಾತ್ರ ಆಟ ಇರಬಾರದು. ತಿರುಗದೆ ಬಿಗಿಯಾಗಿದ್ದರೆ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುತ್ತಿಲ್ಲ, ಕಂಪ್ರೆಷನ್ ಅಲ್ಲೇ ಸೋರುತ್ತಿದೆ. ಎರಡನೆಯದು ಡಿಕಂಪ್ರೆಸರ್, ಅಂದರೆ ಕಿಕ್ ಹಗುರವಾಗಲು ಸಿಲಿಂಡರಿನ ಒತ್ತಡ ಹೊರಬಿಡುವ ಸಾಧನ. ಹ್ಯಾಂಡಲ್ ತಿರುಗಿಸಿದಾಗ ಕೇಬಲ್ ಎಳೆದುಕೊಳ್ಳುವಷ್ಟು ಬಿಗಿಯಿದ್ದರೆ, ಇಲ್ಲವೇ ಅದರ ಪುಟ್ಟ ವಾಲ್ವಿನ ಬಾಯಿಗೆ ಮಸಿ ಕಚ್ಚಿದ್ದರೆ, ಒಳ್ಳೆಯ ಬೋರೂ ಸತ್ತ ಬೋರಿನ ಹಾಗೆ ಕಾಣುತ್ತದೆ. ಕೇಬಲ್ಲಿಗೆ 2-3 ಮಿ.ಮೀ. ಸಡಿಲ ಬಿಟ್ಟು ಇನ್ನೊಮ್ಮೆ ಕಿಕ್ ಮಾಡಿ ನೋಡಿ. ಇವೆರಡೂ ಸರಿಯಿದ್ದರೆ ಮಾತ್ರ ಮುಂದಿನ ಮಾತು.

ಕಂಪ್ರೆಷನ್ ಗೇಜ್, ಎಣ್ಣೆ ಟೆಸ್ಟ್, ಲೀಕ್‌ಡೌನ್

ಕಂಪ್ರೆಷನ್ ಗೇಜ್ ಅಗ್ಗ, ಹಿಡಿದು ನೋಡುವುದೂ ಸುಲಭ. ಇಂಜಿನ್ ಬಿಸಿ ಮಾಡಿ, ಪ್ಲಗ್ ಬಿಚ್ಚಿ, 14 ಮಿ.ಮೀ. ಅಡಾಪ್ಟರ್ ಕೂರಿಸಿ, ಇಗ್ನಿಷನ್ ಆಫ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಮಾಡಬೇಕು. ಆಕ್ಸಿಲರೇಟರ್ ಮುಚ್ಚಿಟ್ಟೇ ಟೆಸ್ಟ್ ಮಾಡಿ "ಕಂಪ್ರೆಷನ್ನೇ ಇಲ್ಲ" ಎನ್ನುವವರು ಬಹಳ. ಕಾರ್ಬುರೇಟರಿನ ಸ್ಲೈಡ್ ಕೆಳಗಿದ್ದರೆ ಸಿಲಿಂಡರಿಗೆ ಗಾಳಿಯೇ ಹೋಗುವುದಿಲ್ಲ. ಇದು ಕಡಿಮೆ ಕಂಪ್ರೆಷನ್ ಅನುಪಾತದ (ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಲೆಕ್ಕ) ಇಂಜಿನ್, ಹಾಗಾಗಿ ಇಂದಿನ ಬೈಕುಗಳ 150 ಪಿಎಸ್‌ಐ ಇಲ್ಲಿ ನಿರೀಕ್ಷಿಸಬಾರದು. ಸುಮಾರು 90ರಿಂದ 110 ಬಂದರೆ ನೆಮ್ಮದಿ, 70ಕ್ಕಿಂತ ಕೆಳಗಾದರೆ ಕೆಲಸ ಇದೆ ಎಂದರ್ಥ. ಊರಿನ ಎತ್ತರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಮಂಗಳೂರಿನಲ್ಲಿ 100 ತೋರಿಸುವ ಇಂಜಿನ್, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 90ರ ಆಸುಪಾಸು ತೋರಿಸುತ್ತದೆ.

ಗೇಜಿನ ಪೈಪಿನಲ್ಲೂ ಒಂದು ಮೋಸವಿದೆ. ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ., ಒಟ್ಟು 346 ಸಿಸಿ. ಅನುಪಾತ 6.5 ಎಂದು ಹಿಡಿದರೆ ಪಿಸ್ಟನ್ ಮೇಲಿದ್ದಾಗ ಉಳಿಯುವ ಜಾಗ ಸುಮಾರು 63 ಸಿಸಿ. ಒಳವ್ಯಾಸ 5 ಮಿ.ಮೀ. ಇರುವ 40 ಸೆಂ.ಮೀ. ಪೈಪಿನೊಳಗೆ ಸುಮಾರು 8 ಸಿಸಿ ಗಾಳಿ ಹಿಡಿಯುತ್ತದೆ. ಒನ್‌ವೇ ವಾಲ್ವ್ ಪ್ಲಗ್ಗಿನ ತುದಿಯಲ್ಲಿರದೆ ಗೇಜಿನ ಹತ್ತಿರ ಇದ್ದರೆ ಆ 8 ಸಿಸಿಯೂ ಹೆಡ್ಡಿಗೆ (ಸಿಲಿಂಡರಿನ ಮೇಲ್ಮುಚ್ಚಳಕ್ಕೆ) ಸೇರಿದಂತಾಗಿ, ಅನುಪಾತ 5.9ಕ್ಕೆ ಇಳಿಯುತ್ತದೆ. ಇಂಥ ಗೇಜ್ ಯಾವ ಸಿಂಗಲ್ ಸಿಲಿಂಡರಿಗೆ ಹಾಕಿದರೂ ಕಡಿಮೆಯೇ ತೋರಿಸುತ್ತದೆ. ಕೊಳ್ಳುವಾಗ ವಾಲ್ವ್ ಯಾವ ತುದಿಯಲ್ಲಿದೆ ಎಂದು ನೋಡಿ ಕೊಳ್ಳಿ.

ರೀಡಿಂಗ್ ಕಡಿಮೆ ಬಂದಾಗ ಪ್ಲಗ್ ತೂತಿನಿಂದ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡುವುದು ರೂಢಿ. ಮುಳ್ಳು ಏರಿದರೆ ರಿಂಗು, ಏರದಿದ್ದರೆ ವಾಲ್ವು. ವಿಧಾನ ತಪ್ಪಲ್ಲ, ಆದರೆ 5 ಮಿ.ಲೀ. ಎಣ್ಣೆ ತಾನೇ ಹೆಡ್ಡಿನೊಳಗೆ 5 ಸಿಸಿ ಜಾಗ ಹಿಡಿಯುತ್ತದೆ. ರಿಂಗು ಹೊಸದಾಗಿದ್ದರೂ ರೀಡಿಂಗ್ ಹತ್ತು ಪಿಎಸ್‌ಐ ಹತ್ತಿರ ಏರಿಯೇ ಏರುತ್ತದೆ. ಆದ್ದರಿಂದ 65 ಇದ್ದದ್ದು 73 ಆಯಿತು ಎಂದು ರಿಂಗಿಗೆ ದುಡ್ಡು ಸುರಿಯಬೇಡಿ. 65 ಇದ್ದದ್ದು 95 ಆದರೆ ಅದು ಬೋರಿನ ಮಾತು. ಬಹಳ ದಿನ ನಿಂತ ಬುಲೆಟ್ಟಿನಲ್ಲಿ ಈ ಟೆಸ್ಟ್ ನಂಬುವಂತೆಯೇ ಇಲ್ಲ. ಎಣ್ಣೆ ಟ್ಯಾಂಕಿನ ಎಣ್ಣೆ ಕ್ರ್ಯಾಂಕ್‌ಕೇಸಿಗೆ ಇಳಿದು ಬೋರಿಗೆ ಮೊದಲೇ ಎರಚಿರುತ್ತದೆ. ಅಂಥ ಗಾಡಿಯನ್ನು ಓಡಿಸಿ, ಎಣ್ಣೆ ವಾಪಸ್ ಟ್ಯಾಂಕಿಗೆ ಹೋದಮೇಲೆ ನೋಡಬೇಕು.

ನಮ್ಮ ಮಟ್ಟಿಗೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆಂದು ಅಳೆಯುವ ಲೀಕ್‌ಡೌನ್ ಟೆಸ್ಟರ್ ಮುಂದೆ ಉಳಿದವೆರಡೂ ಬರೀ ಸುಳಿವು. ಗೇಜ್ "ಸೋರುತ್ತಿದೆ" ಎನ್ನುತ್ತದೆ, ಇದು "ಇಲ್ಲಿ" ಎಂದು ತೋರಿಸುತ್ತದೆ. ಪಿಸ್ಟನ್ ಕಂಪ್ರೆಷನ್ ತುದಿಗೆ ತಂದು, ಟಾಪ್ ಗೇರಿಗೆ ಹಾಕಿ, ಹಿಂದಿನ ಬ್ರೇಕ್ ಒತ್ತಿ ಹಿಡಿದು, ಕಂಪ್ರೆಸರಿನ ಗಾಳಿ ಬಿಡಬೇಕು. ಬ್ರೇಕ್ ಹಿಡಿಯದಿದ್ದರೆ ಗಾಳಿ ಪಿಸ್ಟನ್ನನ್ನು ಕೆಳಗೆ ದೂಡಿ ಚಕ್ರ ತಿರುಗಿಬಿಡುತ್ತದೆ, ಚೈನಿನ ಹತ್ತಿರ ಬೆರಳಿಟ್ಟುಕೊಳ್ಳಬೇಡಿ. ಆಮೇಲೆ ಕಿವಿಗೊಡಿ. ಕಾರ್ಬುರೇಟರ್ ಬಾಯಲ್ಲಿ ಸುಸ್ ಎಂದರೆ ಇನ್‌ಲೆಟ್ ವಾಲ್ವ್. ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್. ಎಣ್ಣೆ ಹಾಕುವ ಬಾಯಲ್ಲೋ ಬ್ರೀದರ್ ಪೈಪಿನಲ್ಲೋ ಬಂದರೆ ರಿಂಗ್ ಮತ್ತು ಬೋರ್. ಹೆಡ್-ಸಿಲಿಂಡರ್ ಸೇರುವ ಕಡೆ ಸೋಪು ನೀರು ಹಚ್ಚಿದಾಗ ಗುಳ್ಳೆ ಎದ್ದರೆ ಹೆಡ್ ಪ್ಯಾಕಿಂಗ್. ಡಿಕಂಪ್ರೆಸರ್ ಸೋರಿದರೂ ಸದ್ದು ಎಕ್ಸಾಸ್ಟ್ ಬದಿಯಲ್ಲೇ ಕೇಳಿಸುವುದರಿಂದ, ಅದನ್ನು ಬಿಚ್ಚಿ ಆ ತೂತಿಗೆ ಹೊಂದುವ ಬೋಲ್ಟ್ ತಾಮ್ರದ ವಾಷರ್ ಜೊತೆ ಬಿಗಿದು ಮತ್ತೊಮ್ಮೆ ನೋಡಿ. ಸದ್ದು ನಿಂತರೆ ಹೆಡ್ ಬಿಚ್ಚುವ ಕೆಲಸ ತಪ್ಪಿತು. ಸೋರಿಕೆ 10-15 ಶೇಕಡದೊಳಗಿದ್ದರೆ ಇಂಜಿನ್ ಚೆನ್ನಾಗಿದೆ, 30 ದಾಟಿದರೆ ಬಿಚ್ಚಲೇಬೇಕು.

ಹೆಡ್: ಲ್ಯಾಪಿಂಗೋ, ಸೀಟ್ ಕಟಿಂಗೋ

ಲ್ಯಾಪಿಂಗ್ ಎಂದರೆ ವಾಲ್ವನ್ನು ಸೀಟಿನ ಮೇಲೆ ಪೇಸ್ಟ್ ಹಚ್ಚಿ ಉಜ್ಜಿ ಕೂರಿಸುವುದು, ಸೀಟ್ ಕಟಿಂಗ್ ಎಂದರೆ ಸೀಟನ್ನೇ ಹೊಸದಾಗಿ ಕೆತ್ತುವುದು. ಇದರಲ್ಲಿ ಹೆಚ್ಚು ಚರ್ಚೆ ಬೇಡ. ವಾಲ್ವನ್ನು ಗೈಡಿನಲ್ಲಿ (ಅದರ ಕಾಂಡ ಜಾರುವ ಕೊಳವೆಯಲ್ಲಿ) ಅಲ್ಲಾಡಿಸಿ ನೋಡಿ. ಆಟ ಕಣ್ಣಿಗೆ ಕಾಣುವಷ್ಟಿದ್ದರೆ ಮೊದಲು ಗೈಡ್, ಆಮೇಲೆ ಸೀಟ್ ಕಟಿಂಗ್. ಸಡಿಲ ಗೈಡಿನ ಮೇಲೆ ಲ್ಯಾಪಿಂಗ್ ಮಾಡಿದರೆ ಆ ಹೊತ್ತಿಗೆ ಚೆನ್ನಾಗಿ ಕಂಡರೂ ಕೆಲವೇ ದಿನದಲ್ಲಿ ಮತ್ತೆ ಸೋರುತ್ತದೆ. ಗೈಡ್ ಗಟ್ಟಿಯಿದ್ದು, ಲ್ಯಾಪಿಂಗ್ ಆದಮೇಲೆ ಬೂದುಬಣ್ಣದ ಪಟ್ಟಿ ಎಲ್ಲೂ ಕಡಿಯದೆ ಸುಮಾರು ಒಂದೂವರೆ ಮಿ.ಮೀ. ಅಗಲ ಬಂದರೆ ಅಷ್ಟೇ ಸಾಕು. ಸ್ಪ್ರಿಂಗ್ ಹಾಕಿ, ಪೋರ್ಟಿಗೆ ಪೆಟ್ರೋಲ್ ಸುರಿದು ಐದು ನಿಮಿಷ ಬಿಡಿ, ಕೆಳಗೆ ಒದ್ದೆಯಾಗಬಾರದು.

ರಿಂಗ್, ಬೋರ್, ಸ್ಲೀವ್, ಹೊಸ ಕಿಟ್

ರಿಂಗ್ ಮಾತ್ರ ಬದಲಿಸುವುದು ಕಡಿಮೆ ಖರ್ಚಿನ ದಾರಿ. ಟೂರಿಂಗ್ ಗಾಡಿಗೆ ಹೆಚ್ಚಿನ ಸಲ ಅದೇ ದುಬಾರಿಯಾಗುತ್ತದೆ. ಬೋರ್ ಸವೆಯುವುದು ಸಮನಾಗಿ ಅಲ್ಲ. ಟಾಪ್ ರಿಂಗ್ ತಿರುಗಿ ಕೆಳಗಿಳಿಯುವ ಜಾಗದಲ್ಲಿ ಬಿಸಿ ಹೆಚ್ಚು, ಎಣ್ಣೆ ಕಡಿಮೆ, ಏರ್ ಫಿಲ್ಟರ್ ಹರಿದಿದ್ದರೆ ಧೂಳೂ ಅಲ್ಲಿಗೇ. ಅದರ ಮೇಲೆ ಸವೆಯದ ಒಂದು ಏಣು ಉಳಿದಿರುತ್ತದೆ, ಉಗುರಿಗೆ ಸಿಗುತ್ತದೆ. ಹೊಸ ರಿಂಗಿನ ಚೂಪು ಅಂಚು ಆ ಏಣಿಗೆ ಬಡಿದು ರಿಂಗೇ ಮುರಿಯಬಹುದು.

ಬೋರ್ ಗೇಜ್ ಇಲ್ಲದಿದ್ದರೆ ರಿಂಗಿನಲ್ಲೇ ಅಳೆಯಬಹುದು. ಹೊಸ ರಿಂಗನ್ನು ಬೋರಿನ ತಳಕ್ಕೆ, ರಿಂಗ್ ಓಡಾಡದ ಜಾಗಕ್ಕೆ, ಪಿಸ್ಟನ್ನಿನ ತಲೆಯಿಂದಲೇ ನೇರವಾಗಿ ದೂಡಿ, ಬಾಯಿಯ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿ. 0.30 ಮಿ.ಮೀ. ಬಂತು ಎನ್ನೋಣ. ಅದೇ ರಿಂಗನ್ನು ಮೇಲಿನ ಏಣಿನ ಸ್ವಲ್ಪ ಕೆಳಗೆ ತಂದು ನೋಡಿದರೆ 0.62 ಬಂತು. ವ್ಯತ್ಯಾಸ 0.32, ಅದನ್ನು 3.14ರಿಂದ ಭಾಗಿಸಿದರೆ 0.10. ಅಂದರೆ ಬೋರ್ ಮೇಲೆ 0.10 ಮಿ.ಮೀ. ದೊಡ್ಡದಾಗಿದೆ, ಅದಕ್ಕೆ ರಿಂಗ್ ಹಾಕಿ ಪ್ರಯೋಜನವಿಲ್ಲ. ಲೆಕ್ಕ 0.05ರೊಳಗೆ ಬಂದು, ಪಿಸ್ಟನ್ನಿನ ತೋಡುಗಳಲ್ಲಿ ರಿಂಗ್ ಸಡಿಲವಿಲ್ಲದಿದ್ದರೆ ಮಾತ್ರ ಹೋನಿಂಗ್ (ಬೋರನ್ನು ಕಲ್ಲಿನಿಂದ ನಯವಾಗಿ ಉಜ್ಜುವುದು) ಮಾಡಿಸಿ ರಿಂಗ್ ಹಾಕಿ.

ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕುವುದೇ ನಮ್ಮ ಮೊದಲ ಆಯ್ಕೆ. ಸೈಜುಗಳು 0.25, 0.50, 0.75, 1.00 ಮಿ.ಮೀ., ಲೇತ್ ಅಂಗಡಿಯಲ್ಲಿ 10, 20, 30, 40 ಥೌ (ಇಂಚಿನ ಸಾವಿರದ ಒಂದು ಭಾಗ) ಎನ್ನುತ್ತಾರೆ. ಪಿಸ್ಟನ್ ಮೊದಲು ಕೊಂಡು ಕೈಗೆ ಕೊಡಿ, ಅದನ್ನು ಅಳೆದೇ ಬೋರ್ ಹೊಡೆಯಬೇಕು. ಡಬ್ಬಿಯ ಮೇಲಿನ ಸೈಜ್ ನಂಬಿ ಮೊದಲೇ ಹೊಡೆದಿಟ್ಟ ಬೋರಿನಲ್ಲಿ ಸಂದು ಹೆಚ್ಚೋ ಕಡಿಮೆಯೋ ಆಗುತ್ತದೆ. ಮೆಷಿನ್ನಿನ ಸೆಂಟರ್ ಹಿಡಿಯುವುದು ಸವೆಯದ ತಳದ ಭಾಗದಲ್ಲಿ. ಮೇಲೆ ಸವೆದ ಕಡೆ ಹಿಡಿದರೆ ಬೋರ್ ಓರೆಯಾಗುತ್ತದೆ. ಪಿಸ್ಟನ್ ಸಂದು 3ರಿಂದ 4 ಥೌ ನಡುವೆ ಇರಲಿ, ಪಿಸ್ಟನ್ ಜೊತೆ ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. "ಟೈಟಾಗಿರಲಿ, ಬಾಳಿಕೆ ಬರುತ್ತೆ" ಎಂದು 2 ಥೌಗೆ ಇಳಿಸಿದ ಇಂಜಿನ್ ಉದ್ದದ ಏರಿನಲ್ಲಿ ಜಾಮ್ ಆಗುತ್ತದೆ. ಕೊನೆಯ ಕೆಲವು ನೂರಂಶ ಮಿ.ಮೀ. ಹೋನಿಂಗಿನಿಂದಲೇ ತೆಗೆಯಬೇಕು, ಅಡ್ಡಡ್ಡ ಗೆರೆಗಳು ಎಣ್ಣೆ ಹಿಡಿದಿಡುತ್ತವೆ.

ಬೋರ್ ಆದ ಸಿಲಿಂಡರನ್ನು ಬರೀ ಸೀಮೆಎಣ್ಣೆಯಲ್ಲಿ ತೊಳೆದರೆ ಹೋನಿಂಗ್ ಕಲ್ಲಿನ ಪುಡಿ ಗೆರೆಗಳೊಳಗೆ ಉಳಿದುಬಿಡುತ್ತದೆ. ಬಿಸಿನೀರು, ಸೋಪು, ಬ್ರಷ್. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗೇ ಇರುವವರೆಗೆ ತೊಳೆದು, ಒಣಗಿದ ಕೂಡಲೇ ಎಣ್ಣೆ ಹಚ್ಚಿ. ಬೀಡು ಕಬ್ಬಿಣಕ್ಕೆ ನಿಮಿಷಗಳಲ್ಲಿ ತುಕ್ಕು ಹಿಡಿಯುತ್ತದೆ.

1.00 ಸೈಜೂ ಮುಗಿದಿದ್ದರೆ ಸ್ಲೀವ್ (ಸಿಲಿಂಡರಿನೊಳಗೆ ಒತ್ತಿ ಕೂರಿಸುವ ಹೊಸ ಕೊಳವೆ), ಇಲ್ಲವೇ ಹೊಸ ಸಿಲಿಂಡರ್ ಕಿಟ್. ಒಳ್ಳೆಯ ಅಂಗಡಿಯ ಸ್ಲೀವ್ ಸ್ಟ್ಯಾಂಡರ್ಡ್ 70 ಮಿ.ಮೀ.ಗೆ ವಾಪಸ್ ತರುತ್ತದೆ, ಮುಂದೆ ನಾಲ್ಕು ಓವರ್‌ಸೈಜುಗಳ ಆಯಸ್ಸೂ ಸಿಗುತ್ತದೆ. ಆದರೆ ಸ್ಲೀವ್ ಸುತ್ತಲೂ ಬಿಗಿಯಾಗಿ ಅಂಟದಿದ್ದರೆ ಬಿಸಿ ಫಿನ್ನುಗಳಿಗೆ ದಾಟದೆ ಒಳಗೇ ಉಳಿಯುತ್ತದೆ, ಮೇಲಿನ ಅಂಚು ಮಟ್ಟವಾಗಿರದಿದ್ದರೆ ಪ್ಯಾಕಿಂಗ್ ಒಡೆದು ಸೋರುತ್ತದೆ. ಕಿಟ್ ಹಾಕುವುದಾದರೆ ಹೊಸದೆಂದು ಅಳೆಯದೆ ಕೂರಿಸಬೇಡಿ, ಪಿಸ್ಟನ್ ಸಂದು ಮತ್ತು ರಿಂಗ್ ಸಂದು ಎರಡನ್ನೂ ನೋಡಿ. ನಂಬುವ ಬೋರಿಂಗ್ ಅಂಗಡಿ ಹತ್ತಿರವಿದ್ದರೆ ಸ್ಲೀವ್, ಇಲ್ಲದಿದ್ದರೆ ಕಿಟ್.

ಯಾವುದೇ ಆರಿಸಿಕೊಂಡರೂ ಸಿಲಿಂಡರ್ ಇಳಿಸಿದಾಗ ಕನೆಕ್ಟಿಂಗ್ ರಾಡನ್ನು ಮೇಲೆ-ಕೆಳಗೆ ಎಳೆದು ನೋಡಿ. ಅಕ್ಕಪಕ್ಕದ ಸ್ವಲ್ಪ ಆಟ ಸಹಜ, ಮೇಲೆ-ಕೆಳಗೆ ಟಕ್ ಎಂದರೆ ಬಿಗ್ ಎಂಡ್ (ರಾಡಿನ ಕೆಳತುದಿಯ ಬುಷ್) ಹೋಗಿದೆ. ಅದನ್ನು ಬಿಟ್ಟು ಹೊಸ ಬೋರ್ ಹಾಕಿದರೆ ಹೊಸ ಕಂಪ್ರೆಷನ್ನಿನ ಹೊಡೆತ ಸವೆದ ಬುಷ್ ಮೇಲೆ ಬೀಳುತ್ತದೆ.

ಜೋಡಿಸುವಾಗ ರಿಂಗ್ ಸಂದು 0.25-0.30 ಮಿ.ಮೀ., ಬಾಯಿಗಳು ಒಂದೇ ಸಾಲಿಗೆ ಬರದಂತೆ ಹಂಚಿ, ಗುರುತಿರುವ ಮುಖ ಮೇಲಕ್ಕೆ, ಪಿನ್ನಿನ ಸರ್ಕ್ಲಿಪ್ ಯಾವಾಗಲೂ ಹೊಸದು. ರನ್ನಿಂಗ್-ಇನ್‌ಗೆ ಮಿನರಲ್ 20ಡಬ್ಲ್ಯು-50 ಎಣ್ಣೆಯೇ ಇರಲಿ, ಸಿಂಥೆಟಿಕ್ ಹಾಕಿದರೆ ರಿಂಗ್ ಕೂರುವುದು ತಡವಾಗುತ್ತದೆ. ಮೊದಲ 500 ಕಿ.ಮೀ. 50ರ ಆಸುಪಾಸಿನಲ್ಲೇ, ಆದರೆ ಒಂದೇ ವೇಗ ಹಿಡಿದು ಅಲ್ಲ, ಆಕ್ಸಿಲರೇಟರ್ ಏರಿಸಿ ಇಳಿಸಿ ಓಡಿಸಿ. 100 ಕಿ.ಮೀ. ಆದಾಗ ತಣ್ಣಗಿನ ಇಂಜಿನ್ನಿನಲ್ಲಿ ಹೆಡ್ ನಟ್ ಮತ್ತೊಮ್ಮೆ ಬಿಗಿದು, ಟ್ಯಾಪೆಟ್ ಮತ್ತೆ ಸೆಟ್ ಮಾಡಿ. 500ಕ್ಕೆ ಎಣ್ಣೆ ಬದಲಿಸಿ, ಅದೇ ದಿನ ಲೀಕ್‌ಡೌನ್ ನೋಡಿ ಅಂಕಿ ಬರೆದಿಟ್ಟುಕೊಳ್ಳಿ. 1,000 ದಾಟುವವರೆಗೆ ಇಬ್ಬರು ಕೂತು ಲಗೇಜು ಹೇರಿ ಚಾರ್ಮಾಡಿ ಹತ್ತುವುದು ಬೇಡ.