ಯಾಲು ನದಿಯ ಮುರಿದ ಸೇತುವೆ: ಕಾಸರಗೋಡಿನಿಂದ ಹೋಗಿ ಕಂಡದ್ದು

ಚಂದ್ರಗಿರಿ ಹೊಳೆಯೇ ತುಳುನಾಡಿನ ತೆಂಕಣ ಎಲ್ಲೆ ಎಂದು ಕಾಸರಗೋಡಿನ ನಾವು ಹಿರಿಯರಿಂದ ಕೇಳುತ್ತ ಬೆಳೆದೆವು. 1956ರ ನವೆಂಬರ್ 1ರಂದು ರಾಜ್ಯದ ಗಡಿ ತಲಪಾಡಿಯಲ್ಲಿ ನಿಂತದ್ದೂ ನಮ್ಮ ಮನೆಮಾತೇ. ಹೊಳೆಯೊಂದು ಎರಡು ದೇಶಗಳ ನಡುವಿನ ಗಡಿಯಾದರೆ ಹೇಗಿರುತ್ತದೆ ಎಂಬ ಕುತೂಹಲದಿಂದಲೇ ನಾನು ಚೀನಾದ ದಾನ್‌ದೊಂಗ್ ನಗರಕ್ಕೆ ಹೋದೆ. ಅಲ್ಲಿ ಯಾಲು ನದಿಯ ಈಚೆ ಚೀನಾ, ಆಚೆ ಉತ್ತರ ಕೊರಿಯಾದ ಸಿನುಯಿಜು. ಆಚೆ ದಡದ ಗಡಿಯಾರ ಒಂದು ಗಂಟೆ ಮುಂದಿರುತ್ತದೆ.

ಇಲ್ಲಿನ ಮುರಿದ ಸೇತುವೆ ಕೊರಿಯಾ ಜಪಾನಿನ ಹಿಡಿತದಲ್ಲಿದ್ದಾಗ, 1909ರಿಂದ 1911ರ ನಡುವೆ ಕಟ್ಟಿದ ರೈಲು ಸೇತುವೆ. ಟಿಕೆಟ್ ಪಡೆದು ಒಳಹೊಕ್ಕರೆ ಉಕ್ಕಿನ ಚೌಕಟ್ಟುಗಳ ಕೆಳಗೆ ನಡೆಯುತ್ತ ಹೋಗಬಹುದು. ಚೀನಾದ ಕಡೆಯಿಂದ ನಾಲ್ಕು ಅಂಕಣಗಳಷ್ಟೇ, ಅಂದರೆ ಕಂಬದಿಂದ ಕಂಬಕ್ಕೆ ಹಾಸಿದ ನಾಲ್ಕು ಭಾಗಗಳಷ್ಟೇ, ಉಳಿದಿವೆ. ನಾಲ್ಕನೆಯದರ ಬಳಿ ದಯವಿಟ್ಟು ನಿಧಾನಿಸಿ, ಏಕೆಂದರೆ ಹಡಗುಗಳಿಗೆ ದಾರಿ ಬಿಡಲು ಅಡ್ಡಡ್ಡ ತಿರುಗುತ್ತಿದ್ದ ಅಂಕಣ ಅದೇ. ಕೆಳಗಿನ ದುಂಡು ಕಂಬದ ಮೇಲೆ ಇಡೀ ಉಕ್ಕಿನ ಭಾರ ಕುಳಿತಿರುವ ಬಗೆಯನ್ನು ನಾನು ಬಗ್ಗಿ ನೋಡುತ್ತ ನಿಂತಾಗ ನಮ್ಮ ತಂಡದವರೆಲ್ಲ ಫೋಟೋ ತೆಗೆಸಿಕೊಂಡು ಹಿಂದಿರುಗಿಯಾಗಿತ್ತು.

ಅಲ್ಲಿಂದ ಮುಂದೆ ಸೇತುವೆಯಿಲ್ಲ. ತುದಿಯಲ್ಲಿ ಉಕ್ಕಿನ ತೊಲೆಗಳು ಹರಿದು, ಸೊಟ್ಟಗಾಗಿ, ನೀರಿನ ಮೇಲೆ ಚಾಚಿಕೊಂಡಿವೆ. ಆಚೆಗೆ ಬರಿಯ ಕಂಬಗಳು ಸಾಲಾಗಿ ಕೊರಿಯಾದ ದಡದವರೆಗೆ ನಿಂತಿವೆ. 1950ರ ಅಕ್ಟೋಬರ್ 19ರಿಂದ ಚೀನಾದ ಸೈನಿಕರು ಯಾಲು ದಾಟಿ ಕೊರಿಯಾ ಯುದ್ಧಕ್ಕೆ ಇಳಿಯತೊಡಗಿದ್ದರು. ಅವರ ದಾರಿಯನ್ನು ಕಡಿಯಲು ಅಮೆರಿಕದ ಬಿ-29 ವಿಮಾನಗಳು ನವೆಂಬರ್ 8ರಂದು ಇಲ್ಲಿ ಬಾಂಬ್ ಹಾಕಿದವು. ಆದರೆ ಅಮೆರಿಕದ ಕಡೆಯ ಸೇನಾಪತಿ ಜನರಲ್ ಮೆಕಾರ್ಥರ್ ಅವರಿಗೆ ವಾಷಿಂಗ್ಟನ್ ಕೊಟ್ಟ ಅನುಮತಿ ಕೊರಿಯಾದ ಕಡೆಯ ಭಾಗಕ್ಕೆ ಮಾತ್ರ ಇತ್ತು. ಚೀನಾದ ಆಕಾಶವನ್ನು ವಿಮಾನಗಳು ಪ್ರವೇಶಿಸುವಂತಿರಲಿಲ್ಲ. ಕಣ್ಣಿಗೆ ಕಾಣದ ಗಡಿಯನ್ನು ಬಾಂಬುಗಳೇ ಹೀಗೆ ಸೇತುವೆಯ ಮೇಲೆ ಬರೆದಿಟ್ಟಿವೆ ಎಂಬುದು ಆ ತುದಿಯಲ್ಲಿ ನಿಂತಾಗ ಅರಿವಾಗಿ ನನ್ನ ಎದೆ ಭಾರವಾಯಿತು. ಕೊರಿಯಾದವರು ತಮ್ಮ ಕಡೆ ಅಳಿದುಳಿದ ಉಕ್ಕನ್ನು ಬಿಚ್ಚಿಹಾಕಿದರು, ಚೀನಾದವರು ತಮ್ಮ ತುಂಡನ್ನು ಸ್ಮಾರಕವಾಗಿ ಉಳಿಸಿಕೊಂಡರು.

ಏರ್ಪಾಡುಗಳ ಮಾತಿಗೆ ಬಂದರೆ, ನಡೆಯುವ ಹಾದಿ ಚೊಕ್ಕಟವಾಗಿದೆ, ಕಟಕಟೆ ಭದ್ರವಾಗಿದೆ, ಹಿರಿಯರನ್ನೂ ಧೈರ್ಯವಾಗಿ ಕರೆದೊಯ್ಯಬಹುದು. ನನ್ನ ಅಸಮಾಧಾನ ವಿವರಣೆಯ ಬಗ್ಗೆ. ದ್ವಾರದ ಬಳಿ ಆ ಯುದ್ಧದಲ್ಲಿ ಚೀನಾದ ಸೇನಾಪತಿಯಾಗಿದ್ದ ಪೆಂಗ್ ದೆಹುವೈ ಮತ್ತು ಅವರ ಸೈನಿಕರ ದೊಡ್ಡ ಶಿಲ್ಪವಿದೆ, ಒಳಗೆ ಯುದ್ಧದ ಚಿತ್ರಗಳಿವೆ. ಆದರೆ 1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿದ್ದರಿಂದ ಈ ಯುದ್ಧ ಆರಂಭವಾಯಿತು ಎಂಬ ಮಾತು ನಾನು ಓದಬಲ್ಲ ಫಲಕಗಳಲ್ಲಿ ಎಲ್ಲಿಯೂ ಕಾಣಲಿಲ್ಲ. ಆದ್ದರಿಂದ ಹೊರಡುವ ಮುನ್ನ ಒಂದಿಷ್ಟು ಓದಿಕೊಂಡು ಹೋಗುವುದು ಒಳ್ಳೆಯದು. ನಾನು ನಂಬಿದ್ದ ಪ್ರವಾಸ ಸಂಸ್ಥೆಯವರು ಕೊಟ್ಟದ್ದು ನಲವತ್ತು ನಿಮಿಷ. ಎರಡು ಗಂಟೆಯಾದರೂ ಕೇಳಿ ಪಡೆಯಿರಿ.

ಶೆನ್ಯಾಂಗ್ ನಗರದಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಹಾದಿ. ಸಸ್ಯಾಹಾರಿಗಳು ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಪರದಾಟ ತಪ್ಪುತ್ತದೆ.

ಸಾಧ್ಯವಾದರೆ ಬೆಳಿಗ್ಗೆಯೇ ಹೋಗಿ. ಪಕ್ಕದಲ್ಲೇ 1943ರಲ್ಲಿ ಪೂರ್ಣಗೊಂಡ ಇನ್ನೊಂದು ಸೇತುವೆಯಿದೆ. ಈಗ ಅದರ ಹೆಸರು ಚೀನಾ-ಕೊರಿಯಾ ಸ್ನೇಹ ಸೇತುವೆ. ನಾನು ಮುರಿದ ತುದಿಯಲ್ಲಿ ನಿಂತಿದ್ದಾಗ ಅದರ ಮೇಲೆ ಸರಕಿನ ಲಾರಿಗಳು ಒಂದರ ಹಿಂದೊಂದು ಸಿನುಯಿಜು ಕಡೆಗೆ ಸಾಗಿದವು. ಕೊನೆಯ ಲಾರಿ ಆಚೆ ದಡ ಸೇರುವವರೆಗೂ ನೋಡುತ್ತ ನಿಂತಿದ್ದೆ.